ಪರೀಕ್ಷೆ ಮುಗಿಯಲಿ

೨೦೦೫ ಜನವರಿ ೧೬, ಭಾನುವಾರ. ಬೆಳಿಗ್ಗೆ ೧೦.೪೦

ಅತ್ತೆಯ ಬಿ.ಪಿ. ೧೫೨/೯೦. ಮಾತ್ರೆ ಕೊಟ್ಟೆ. ನುಂಗಿದರೋ, ನಾಲಿಗೆಯಡಿ ಇಟ್ಟುಕೊಂಡು ಸಿಂಕಿಗೆ ಉಗಿದರೋ, ಶಿವನಿಗೇ ಗೊತ್ತು.

ಈ ನೋಟ್‌ಬುಕ್ ಡಾಕ್ಟರು ಕೊಟ್ಟದ್ದು. ಗುರುಶಾಂತವ್ವನವರ ಬಿ.ಪಿ. ದಿನಾ ಬರೆದಿಡಿ ಅಂದರು. ಒಂದು ಸಾಲು ಬರೆದು ಉಳಿದ ಹಾಳೆ ಖಾಲಿ ಬಿಡುವುದು ನನ್ನ ಕೈಲಿ ಆಗುವುದಿಲ್ಲ. ಅದಕ್ಕೇ ಈ ಚಟ. ಅತ್ತೆಗೆ ಅಕ್ಷರ ಬಾರದು. ಮಗಳಿಗೆ ಕನ್ನಡ ಓದಲು ಬಾರದು. ಇವರಿಗೆ ಎಲ್ಲಾ ಬರುತ್ತದೆ, ಆದರೆ ಕಾರಿನ ಮ್ಯಾನ್ಯುಯಲ್ ಬಿಟ್ಟು ಬೇರೇನೂ ಓದಿದ್ದನ್ನು ಇಪ್ಪತ್ಮೂರು ವರ್ಷದಲ್ಲಿ ಕಂಡಿಲ್ಲ.

ರಕ್ಷಿತಾ ಫೋನ್ ಮಾಡಿದ್ದಳು, ವಿಯೆನ್ನಾದಿಂದ. ಲಾಸ್ ಏಂಜಲೀಸ್‌ನಲ್ಲಿ ಕಾಲೇಜು ಅಂದಾಗಲೇ ನನಗೆ ದೂರ ಅನ್ನಿಸಿತ್ತು. ಈಗ ಒಂದು ಸೆಮಿಸ್ಟರ್ ಸ್ಟಡಿ ಅಬ್ರಾಡ್. ವಾರಕ್ಕೆ ನಾಲ್ಕು ದಿನ ಕ್ಲಾಸು, ಶುಕ್ರವಾರ ರಜೆ, ಕೈಯಲ್ಲಿ ರೈಲಿನ ಪಾಸು. ಓದಲು ಹೋದಳೋ, ಊರು ತಿರುಗಲು ಹೋದಳೋ. ಈ ವಾರ ಬ್ರಾಟಿಸ್ಲಾವಾ. ಅಂಥದೊಂದು ಊರು ಇದೆ ಅಂತ ನನಗೆ ಗೊತ್ತಾದದ್ದೇ ಇವತ್ತು.

ಫೋನ್ ಮೊದಲು ಅತ್ತೆಗೆ. ಅದು ಈ ಮನೆಯ ಕಾನೂನು.

"ರಕ್ಷವ್ವಾ, ನೀರು ಹೆಂಗ ಅದಾವ ಅಲ್ಲೆ?"

ಬಾಗಲಕೋಟೆ ಕಡೆಯ ಸವಳು ನೀರು ಕುಡಿದು ಬೆಳೆದವರು. ಊರು ಹೇಗಿದೆ ಅಂತ ಕೇಳುವುದಿಲ್ಲ, ನೀರು ಹೇಗಿದೆ ಅಂತಲೇ ಕೇಳುವುದು. ನನ್ನ ಮಗಳು, ಸ್ಯಾನ್ ಡಿಯೇಗೋದಲ್ಲಿ ಹುಟ್ಟಿದವಳು, ಹೇಳುತ್ತಾಳೆ, "ಸವಳ ಇಲ್ಲಜ್ಜಿ. ಸಿಹಿ ಅದಾವ. ಕುಡದ ನೋಡೀನಿ." ಆ ಕಡೆ ಈ ಕಡೆ ಇಪ್ಪತ್ತು ನಿಮಿಷ ಮಾತು, ನಗು. ಆಮೇಲೆ ನನ್ನ ಪಾಳಿ. "ಯಾ ಮಾಮ್. ಓಕೆ ಮಾಮ್. ಲವ್ ಯು ಮಾಮ್." ಮುಗಿಯಿತು.

ಅವಳಿಗೆ ಮೂರು ತಿಂಗಳಾದಾಗ ನಾನು ಕೆಲಸಕ್ಕೆ ಮರಳಿದೆ, ಅತ್ತೆ ಬಂದರು. ಹನ್ನೆರಡು ವರ್ಷ ಅಜ್ಜಿ ಮೊಮ್ಮಗಳು ಒಂದೇ ಕೋಣೆ. ಬಿತ್ತಿದವರು ಬೆಳೆದುಕೊಳ್ಳುತ್ತಾರೆ. ಹೊಟ್ಟೆಕಿಚ್ಚು ಪಡಬಾರದು. ಪಡುತ್ತೇನೆ.

ಜನವರಿ ೩೦, ಭಾನುವಾರ

೧೪೮/೮೮. ಬುಡಾಪೆಸ್ಟ್. ಅಲ್ಲಿ ಅಂಗಡಿಯಲ್ಲಿ ನೀರು ಕೇಳಿದರೆ ಸೋಡಾ ಕೊಟ್ಟರಂತೆ. ಅತ್ತೆ ಅದನ್ನೇ ಹಿಡಿದುಕೊಂಡು ಸಂಜೆಯವರೆಗೆ ನಕ್ಕರು. "ಬರೇ ನೀರಿಗೆ ಗತಿ ಇಲ್ಲೇನು ಅವರಿಗೆ!" ನನಗೆ ಸಿಕ್ಕದ್ದು ಎರಡು ನಿಮಿಷ. ಸ್ವೆಟರ್ ಹಾಕಿಕೋ ಅಂದೆ. ಹಾಕಿದೀನಿ ಅಂದಳು. ಹಾಕಿರುವುದಿಲ್ಲ.

ಫೆಬ್ರವರಿ ೧೩

೧೬೦/೯೪. ಉಪ್ಪಿನಕಾಯಿ ಕದ್ದು ತಿನ್ನುತ್ತಿದ್ದಾರೆ. ಭರಣಿ ಮೇಲಿನ ಶೆಲ್ಫಿಗೆ ಇಟ್ಟೆ. "ಸೊಸಿ ಅಲ್ಲ ನೀ, ಪೊಲೀಸು" ಅಂದರು. ರಕ್ಷಿತಾ ಪ್ರಾಗ್‌ನಲ್ಲಿ.

ಫೆಬ್ರವರಿ ೨೨, ಮಂಗಳವಾರ

ಬಿ.ಪಿ. ನೋಡಿಲ್ಲ. ಬೆಳಿಗ್ಗೆ ಏಳೂವರೆಗೆ ಬಾತ್‌ರೂಮಿನಲ್ಲಿ ಬಿದ್ದಿದ್ದರು. ಬಾಯಿ ಒಂದು ಕಡೆಗೆ ಎಳೆದಿತ್ತು. ೯೧೧ಕ್ಕೆ ಫೋನ್ ಮಾಡಿದೆ. ಸ್ಟ್ರೋಕ್. ಬಲಗೈ ಬಲಗಾಲಿಗೆ ಸ್ವಾಧೀನ ಇಲ್ಲ. ಹೊರಗೆ ಮಳೆ ಸುರಿಯುತ್ತಿದೆ, ಆಂಬುಲೆನ್ಸಿನವರ ಬೂಟಿನ ಕೆಸರು ಇನ್ನೂ ಕಾರ್ಪೆಟ್ಟಿನ ಮೇಲಿದೆ. ಒರೆಸಬೇಕು.

ಫೆಬ್ರವರಿ ೨೫, ಶುಕ್ರವಾರ. ಆಸ್ಪತ್ರೆಯ ಕೆಫೆಟೀರಿಯಾ

ಮೈದುನ ಓಂಪ್ರಕಾಶ್ ಸ್ಯಾಂಟಾ ಕ್ಲಾರಿಟಾದಿಂದ ಮೂರು ತಾಸು ಡ್ರೈವ್ ಮಾಡಿ ಬಂದ. ಮೂವರೂ ಕೂತೆವು. ಇವರು ಅಂದರು, "ಪೋರಿಗೆ ಹೇಳಬೇಕೇನೋ."

ನಾನು ಅಂದೆ, "ಹೇಳಿದ್ರ ನಾಳಿನ ಫ್ಲೈಟ್ ಹತ್ತಿ ಬರ್ತಾಳ. ಸೆಮಿಸ್ಟರ್ ಹೋತು. ಬರಲಿಲ್ಲ ಅಂದ್ರ ಅಲ್ಲೆ ಒಬ್ಬಾಕಿ ಅಳಕೋತ ಕೂಡ್ತಾಳ. ಯಾರು ನೋಡವ್ರು? ಪರೀಕ್ಷಾ ಮುಗೀಲಿ. ಆಮ್ಯಾಲ ಹೇಳೂಣು."

ಓಂಪ್ರಕಾಶ್ ತಲೆಯಾಡಿಸಿದ. "ವೈನಿ ಹೇಳೂದು ಖರೆ ಅದ." ಇವರ ಕಾಫಿ ಹಾಗೇ ಆರಿತು.

ನನಗೂ ಹೀಗೆಯೇ ಮಾಡಿದ್ದರು. ಧಾರವಾಡದ ಹಾಸ್ಟೆಲ್ಲು, ಬಿ.ಎಸ್ಸಿ. ಫೈನಲ್. ಕೊನೆಯ ಪ್ರಾಕ್ಟಿಕಲ್ ಮುಗಿಸಿ ಹೊರಗೆ ಬಂದರೆ ಗೇಟಿನಲ್ಲಿ ಚಿಕ್ಕಪ್ಪ. ಅಪ್ಪ ಹೋಗಿ ಹತ್ತೊಂಬತ್ತು ದಿನ ಆಗಿತ್ತು. ಫಸ್ಟ್ ಕ್ಲಾಸ್ ಬಂತು. ಹೇಳದೆ ಇದ್ದದ್ದು ಒಳ್ಳೆಯದಾಯಿತು ಅಂತ ಎಲ್ಲರೂ ಅಂದರು. ನಾನೂ ಅಂದೆ.

ಫೆಬ್ರವರಿ ೨೭, ಭಾನುವಾರ

ಲುಬ್ಲಿಯಾನಾ. "ವೇರ್ ಈಸ್ ಅಜ್ಜಿ?" ಸ್ನಾನಕ್ಕೆ ಹೋಗಿದ್ದಾರೆ ಅಂದೆ. ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಿದಳು. ಇನ್ನೂ ಸ್ನಾನ ಮುಗಿದಿಲ್ಲ ಅಂದೆ. "ದ್ಯಾಟ್ಸ್ ಅ ಲಾಂಗ್ ಸ್ನಾನ" ಅಂತ ನಕ್ಕಳು. ನಾನೂ ನಕ್ಕೆ.

ಇನ್ನು ಮೇಲೆ ಗಟ್ಟಿ ಸುಳ್ಳು ಬೇಕು.

ಮಾರ್ಚ್ ೬, ಭಾನುವಾರ

ಅತ್ತೆ ಮನೆಗೆ ಬಂದರು. ಮೆಟ್ಟಿಲು ಹತ್ತಿಸಲು ಆಗದು, ಕೆಳಗೆ ಫ್ಯಾಮಿಲಿ ರೂಮಿನಲ್ಲೇ ಆಸ್ಪತ್ರೆಯ ಮಂಚ ಹಾಕಿಸಿದೆವು. ಎಲ್ಲಾ ತಿಳಿಯುತ್ತದೆ. ಮಾತು ಮಾತ್ರ ಇಲ್ಲ—ಇದೆ, ತೊದಲು. ಬಾಯಿಂದ ಜೊಲ್ಲು ಇಳಿಯುತ್ತದೆ, ಒರೆಸಲು ಹೋದರೆ ಎಡಗೈಯಿಂದ ನನ್ನ ಕೈ ತಳ್ಳುತ್ತಾರೆ. ಮಾನಸ್ಥೆ.

ರಕ್ಷಿತಾಗೆ ಹೇಳಿದ್ದು: ಅಜ್ಜಿಗೆ ಗಂಟಲು ಕಟ್ಟಿದೆ, ಡಾಕ್ಟರು ಮಾತಾಡಬಾರದು ಅಂದಿದ್ದಾರೆ. ಗಟ್ಟಿ ಸುಳ್ಳೇ ಸಿಕ್ಕಿತು. ವಾರಗಟ್ಟಲೆ ಬರುತ್ತದೆ.

ಮಾರ್ಚ್ ೧೧, ಶುಕ್ರವಾರ

೧೬೪/೯೬. ಕೆಲಸಕ್ಕೆ ರಜೆ ಹಾಕಿದ್ದೇನೆ. ಎದುರು ಮನೆಯ ಪುಷ್ಪಾವತಿ ಗಂಜಿ ತಂದರು. ಮಂಗಳೂರಿನವರು, ಬಾಯಿ ಬಿಗಿ ಹಿಡಿಯುವ ಜಾತಿ ಅಲ್ಲ.

"ಮಗಳಿಗೆ ಹೇಳಿದ್ರಾ?"

"ಇಲ್ಲ. ಮೇದಲ್ಲಿ ಪರೀಕ್ಷಾ ಅದ."

"ಎಂತ ಮಾರಾಯ್ರೆ! ಇಪ್ಪತ್ತು ವರ್ಷದ ಹುಡುಗಿ. ಒಬ್ಬಳೇ ಟ್ರೈನ್ ಹತ್ತಿ ದೇಶ ದೇಶ ಸುತ್ತುತ್ತಾಳೆ, ಇದನ್ನು ತಡ್ಕೊಳ್ಳಿಕ್ಕೆ ಆಗುದಿಲ್ವಾ ಅವಳಿಗೆ? ಫೋನ್ ಆದರೂ ಅಜ್ಜಿಯ ಕಿವಿಗೆ ಹಿಡೀರಿ."

ಗಂಜಿ ತನ್ನಿ, ಬುದ್ಧಿ ಮನೆಯಲ್ಲೇ ಬಿಟ್ಟು ಬನ್ನಿ ಅಂತ ನಗುತ್ತಲೇ ಅಂದೆ. ಅವರು ನಗಲಿಲ್ಲ. ಗಂಜಿ ಚೆನ್ನಾಗಿತ್ತು.

ಮಾರ್ಚ್ ೧೩, ಭಾನುವಾರ

ಸಾಲ್ಜ್‌ಬರ್ಗ್. ಇಪ್ಪತ್ತೆರಡು ನಿಮಿಷ ಮಾತಾಡಿದಳು—ನನ್ನೊಂದಿಗೆ. ರೈಲಿನಲ್ಲಿ ಎದುರು ಕೂತ ಮುದುಕಿ ಅರ್ಧ ಸೇಬು ಕೊಟ್ಟದ್ದು, ಹಾಸ್ಟೆಲ್‌ನಲ್ಲಿ ಯಾರೋ ಶೂ ಕದ್ದದ್ದು, ಸಾರಾ ಎಂಬ ಗೆಳತಿ ಒಬ್ಬ ಹುಡುಗನಿಗಾಗಿ ಅತ್ತದ್ದು. ಇಂಗ್ಲಿಷಿನಲ್ಲೇ. ಇರಲಿ. ಇದೆಲ್ಲಾ ಇಷ್ಟು ದಿನ ಅತ್ತೆಯ ಕಿವಿಗೆ ಹೋಗುತ್ತಿತ್ತು.

ಮಾರ್ಚ್ ೨೦, ಭಾನುವಾರ. ಬೆಳಿಗ್ಗೆ ೧೧.೧೫

೧೭೨/೧೦೦.

ಹತ್ತೂ ಹತ್ತಕ್ಕೆ ಫೋನ್ ಬಂತು. ಇವರು ಸಾಮಾನು ತರಲು ಹೋಗಿದ್ದರು. "ಮಾಮ್! ವೆನಿಸ್! ಐ ಆಮ್ ಆನ್ ಅ ಬೋಟ್!" ಹಿಂದೆ ಹುಡುಗಿಯರ ಕಿಲಕಿಲ.

ಫೋನಿನ ಸದ್ದಿಗೆ ಅತ್ತೆ ಕಣ್ಣು ಬಿಟ್ಟಿದ್ದರು. ಎಡಗೈ ಹೊದಿಕೆಯಿಂದ ಹೊರಗೆ ಬಂತು. ನನ್ನ ಕಡೆ ಚಾಚಿದರು.

"ಪೋ… ಕೊ…"

ಭಾನುವಾರ, ಈ ಹೊತ್ತಿಗೆ ಬರುವ ಫೋನು ಯಾರದು ಅಂತ ಅವರಿಗೆ ಗೊತ್ತಿಲ್ಲವೆ. ಚಾಚಿದ ಕೈ ಇಳಿಸಲಿಲ್ಲ.

ಅತ್ತ ಕಡೆಯಿಂದ, "ಅಜ್ಜಿ ಎದ್ದಿದಾರಾ? ಗಂಟಲು ಬೆಟರ್?"

"ಮಲಗ್ಯಾರ" ಅಂದೆ. ಫೋನ್ ಹಿಡಿದು ಅಡುಗೆಮನೆಗೆ ಬಂದೆ. ಅಲ್ಲಿಗೂ ಅವರ ಸ್ವರ ಕೇಳುತ್ತಿತ್ತು. ಗರಾಜಿಗೆ ಹೋಗಿ ಬಾಗಿಲು ಎಳೆದುಕೊಂಡೆ. ಕಾರಿನೊಳಗೆ ಕೂತೆ. ಹದಿನೇಳು ನಿಮಿಷ.

"ಅಜ್ಜಿಗೆ ಹೇಳು, ಇಲ್ಲಿ ಎಲ್ಲಾ ಕಡೆ ನೀರು ಬಟ್ ನಾರ್ತಾವ" ಅಂದಳು. ಹೇಳುತ್ತೇನೆ ಅಂದೆ.

ಒಳಗೆ ಬಂದಾಗ ಅತ್ತೆಯ ಕೈ ಮಂಚದ ಕಂಬಿಯ ಮೇಲಿತ್ತು. ಅಂಗೈ ಮೇಲಾಗಿ. "ಮುಂದಿನ ವಾರ ಕೊಡ್ತೀನ್ರೀ" ಅಂದೆ. ಮುಖ ಗೋಡೆಗೆ ತಿರುಗಿಸಿದರು.

ಆ ತೊದಲು ಕೇಳಿದ್ದರೆ ಹುಡುಗಿ ಹೆದರಿ ಸಾಯುತ್ತಿದ್ದಳು, ಬೋಟಿನಲ್ಲಿ, ಗುರುತಿಲ್ಲದ ಊರಿನಲ್ಲಿ. ಅವಳ ಒಳ್ಳೆಯದಕ್ಕೇ ಮಾಡಿದೆ. ಯಾರನ್ನಾದರೂ ಕೇಳಲಿ.

ಯಾರೂ ಓದುವುದಿಲ್ಲ, ಬರೆದುಬಿಡುತ್ತೇನೆ. ಕಾರಿನಲ್ಲಿ ಕೂತು ಅವಳ ಮಾತು ಕೇಳುವಾಗ ನನಗೆ ಸಂತೋಷ ಆಗಿತ್ತು.

ಮಾರ್ಚ್ ೨೩, ಬುಧವಾರ

ಹೋದರು. ಮಧ್ಯಾಹ್ನ ೨.೧೦. ಮತ್ತೊಂದು ಸ್ಟ್ರೋಕ್. ನಾನು ಅನ್ನ ಮಿದಿಯುತ್ತಿದ್ದೆ.

ಮಾರ್ಚ್ ೨೫, ಶುಕ್ರವಾರ. ಸಂಜೆ

ಮಣ್ಣು ಮಾಡಿ ಬಂದೆವು. ನಮ್ಮಲ್ಲಿ ಕುಳ್ಳಿರಿಸಿ ಮಣ್ಣು ಕೊಡುವುದು. ಇಲ್ಲಿನ ಸೆಮಿಟರಿಯವನು "ಸಿಟಿಂಗ್?" ಅಂತ ಎರಡು ಸಲ ಕೇಳಿದ, ಒಳಗೆ ಹೋಗಿ ಯಾರನ್ನೋ ವಿಚಾರಿಸಿ ಬಂದು, ಸಾರಿ, ಆಗದು ಅಂದ. ಪೆಟ್ಟಿಗೆಯಲ್ಲಿ ಮಲಗಿಸಬೇಕಾಯಿತು. ಹಣೆಗೆ ವಿಭೂತಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು ಬೆರಳು ಮಡಚಿದವಳು ನಾನೇ. ಆ ಕೈ. ಬೆರಳು ಮತ್ತೆ ಮತ್ತೆ ಬಿಚ್ಚಿಕೊಳ್ಳುತ್ತಿದ್ದವು.

ಇವರು ಕಾರಿನಲ್ಲಿ ಅತ್ತರು. "ಅವ್ವನ್ನ ಮಲಗಿಸಿ ಕಳಿಸಿದ್ವಿ ನೋಡು." ಆಮೇಲೆ, "ಈಗರೆ ಹೇಳೂಣು ಶಾಮಲಾ. ಆಕಿಗೆ ಹಕ್ಕ ಅದ."

"ಈಗ ಹೇಳಿದ್ರ ಹೋದವ್ರು ಬರ್ತಾರೇನು? ಒಬ್ಬಾಕಿ ಏನ್ ಮಾಡ್ಕೋತಾಳ ಅಲ್ಲೆ? ಎಂಟು ವಾರದ ಮಾತು. ಪರೀಕ್ಷಾ ಮುಗೀಲಿ."

ಓಂಪ್ರಕಾಶ್‌ಗೂ ಹೇಳಿದೆ, ಅವನ ಮಕ್ಕಳು ಈಮೇಲ್ ಗೀಮೇಲ್ ಮಾಡಕೂಡದು ಅಂತ. ಎಲ್ಲರೂ ನನ್ನ ಮಾತು ಕೇಳುತ್ತಾರೆ. ಯಾರಾದರೂ ಒಬ್ಬರು ಕೇಳದೆ ಇರಬಾರದಿತ್ತೆ.

ಮಾರ್ಚ್ ೨೭, ಭಾನುವಾರ

ರೋಮ್. ಈಸ್ಟರ್ ರಜೆ. ಊರ ತುಂಬಾ ಗಂಟೆ ಹೊಡೆಯುತ್ತಿದ್ದವು, ಫೋನ್ ಎತ್ತಿ ಹಿಡಿದು ಕೇಳಿಸಿದಳು. ಬೀದಿ ಬೀದಿಗೂ ಕುಡಿಯುವ ನಲ್ಲಿಗಳಂತೆ, ದಿನವಿಡೀ ನೀರು ಹರಿಯುತ್ತಲೇ ಇರುತ್ತದಂತೆ. "ಅಜ್ಜಿ ವುಡ್ ಗೋ ಕ್ರೇಜಿ! ಬಂದ್ ಮಾಡ್ರೋ ಅಂತ ಬೈತಾರೆ." ಹೌದು ಅಂದೆ. ಬೈಯುತ್ತಾರೆ ಅಂದೆ. ಹೋದವರನ್ನು ಇದ್ದಾರೆ ಎಂಬಂತೆ ಹೇಳಲು ನಾಲಿಗೆಗೆ ಒಂದಿಷ್ಟೂ ಕಷ್ಟವಾಗಲಿಲ್ಲ. ಅದೇ ಭಯವಾಯಿತು.

ಏಪ್ರಿಲ್ ೧೧, ಸೋಮವಾರ

ನೋಟ್‌ಬುಕ್ ತೆಗೆಯಲೇ ಮನಸ್ಸಾಗಿರಲಿಲ್ಲ. ಬಿ.ಪಿ. ಬರೆಯುವುದೂ ಇಲ್ಲವಲ್ಲ.

ಯುಗಾದಿ ಮೊನ್ನೆ ಶನಿವಾರ. ಹಬ್ಬ ಮಾಡುವಂತಿಲ್ಲ. ರಕ್ಷಿತಾ ಕೇಳಿದಳು, ಹೋಳಿಗೆ ಮಾಡಿದೆಯಾ ಅಂತ. ಮಾಡಿದೆ ಅಂದೆ. ಅಜ್ಜಿ ಎಷ್ಟು ತಿಂದರು? ಎರಡು ಅಂದೆ.

ಇವತ್ತು ವೆನಿಸ್‌ನ ಪೋಸ್ಟ್‌ಕಾರ್ಡ್ ಬಂತು. ಅಜ್ಜಿಯ ಹೆಸರಿಗೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಾಳೆ, ನಾನು ಓದಿ ಹೇಳಬೇಕು, ಅದು ರೂಢಿ. "ಅಜ್ಜಿ, ಇಲ್ಲೆ ಮನಿ ಮುಂದ ನೀರು ಮನಿ ಹಿಂದ ನೀರು. ಆದ್ರ ಒಂದ ತಂಬಿಗಿ ಕುಡಿಯಾಕ ಬರಂಗಿಲ್ಲ. ನಿನ್ನ ಗಂಟಲಾ ಲಗೂನ ಆರಾಮ ಆಗ್ಲಿ. ನೀ ಮಾತಾಡ್ಲಿಲ್ಲ ಅಂದ್ರ ನನಗ ಭಾನುವಾರ ಅನ್ಸಂಗಿಲ್ಲ."

ಅಭ್ಯಾಸಬಲ, ಗಟ್ಟಿಯಾಗಿ ಓದಿಬಿಟ್ಟೆ. ಸೋಫಾದಲ್ಲಿದ್ದ ಇವರು ಎದ್ದು ಹಿತ್ತಲಿಗೆ ಹೋದರು.

ಮೇ ೮, ಭಾನುವಾರ

ಮದರ್ಸ್ ಡೇ. ಕ್ರಾಕೋದಿಂದ ಫೋನು.

"ಸಾರಾಳ ಮಾಮ್ ಪ್ರತಿ ಕಾಲ್‌ನಲ್ಲೂ ಅಳ್ತಾರೆ. ಯು ನೆವರ್ ಮೇಕ್ ಮಿ ವರಿ, ಮಾಮ್. ಬೆಸ್ಟ್ ಮಾಮ್."

ಥ್ಯಾಂಕ್ಯೂ ಅಂದೆ. ಬೇರೆ ಏನು ಅನ್ನಲಿ? ಫೋನ್ ಇಟ್ಟು ಸಿಂಕಿನ ಮುಂದೆ ನಿಂತೆ. ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆದೆ.

ಮೇ ೨೧, ಶನಿವಾರ

ಬಂದಳು. ಎಲ್.ಎ. ಏರ್‌ಪೋರ್ಟಿಗೆ ಇಬ್ಬರೂ ಹೋಗಿದ್ದೆವು. ಕಪ್ಪಗಾಗಿದ್ದಾಳೆ, ತೆಳ್ಳಗಾಗಿದ್ದಾಳೆ, ಕೂದಲು ಕತ್ತರಿಸಿದ್ದಾಳೆ. ಅಪ್ಪಿಕೊಂಡವಳು ಹಿಂದೆ ಮುಂದೆ ನೋಡಿ, "ಅಜ್ಜಿ ಬರಲಿಲ್ವಾ?"

ಮನೆಗೆ ಹೋಗಿ, ಊಟ ಮಾಡಿಸಿ, ಕೂರಿಸಿ ಹೇಳುವುದು ಅಂತ ನಾವು ಮಾತಾಡಿಕೊಂಡಿದ್ದೆವು. "ಮೊಣಕಾಲು ನೋವು" ಅಂದೆ. ಪರೀಕ್ಷೆ ಮುಗಿದಿತ್ತು. ಆದರೂ ಇನ್ನೊಂದು ಸುಳ್ಳು. ಇವರು ನನ್ನ ಕಡೆ ನೋಡಿದ ನೋಟ ಬರೆಯಲಾರೆ.

೪೦೫ ಹೆದ್ದಾರಿಯಲ್ಲಿ ಟ್ರಾಫಿಕ್ಕು. ಅವಳು ಬಾಯಿ ತೆರೆದು ನಿದ್ದೆ ಹೋದಳು. ಮನೆ ಮುಟ್ಟಲು ಎರಡೂವರೆ ತಾಸು.

ಮನೆಯ ಬಾಗಿಲು ತೆಗೆದದ್ದೇ ತಡ, ಬ್ಯಾಗು ಎಸೆದು, "ಅಜ್ಜೀ! ಏಳು ದೇಶದ ನೀರು ತಂದೀನಿ ನೋಡು!" ಅಂತ ಮೆಟ್ಟಿಲೇರಿ ಓಡಿದಳು. ಸಣ್ಣ ಸಣ್ಣ ಬಾಟಲಿ, ಹೆಸರು ಬರೆದ ಚೀಟಿ ಅಂಟಿಸಿ. ಊಟ, ಕೂರಿಸುವುದು, ಎಲ್ಲಾ ಮಣ್ಣುಪಾಲು. ಅತ್ತೆಯ ಫೋಟೋ ಮೇಲೆ ಅವರ ಕೋಣೆಯಲ್ಲೇ ಇತ್ತು, ಹಾರ ಹಾಕಿ.

ನಾವು ಹತ್ತಿ ಹೋಗುವಷ್ಟರಲ್ಲಿ ಫೋಟೋದ ಮುಂದೆ ನಿಂತಿದ್ದಳು. ಇವರೇ ಹೇಳಿದರು. "ಮಾರ್ಚ್ ಇಪ್ಪತ್ಮೂರು, ಪುಟ್ಟಿ."

ಬೆರಳಲ್ಲಿ ಎಣಿಸಿದಳು. "ಟು ಮಂತ್ಸ್," ಅಂದಳು. "ಐ ಕಾಲ್ಡ್. ಐ ಕಾಲ್ಡ್ ಎವ್ರಿ ವೀಕ್."

ಅತ್ತಳು ಅಂದರೆ ಅಳಲಿಲ್ಲ. ಉಸಿರು ಸಿಗದವರ ಹಾಗೆ ನೆಲದ ಮೇಲೆ ಕೂತಳು. ಮುಟ್ಟಲು ಹೋದೆ. ಇವರ ಕಡೆ ಸರಿದಳು.

ಮೇ ೨೨, ಭಾನುವಾರ

ಲ್ಯಾಪ್‌ಟಾಪಿನಲ್ಲಿ ಫೋಟೋ ನೋಡುತ್ತಿದ್ದಾಳೆ, ಬೆಳಿಗ್ಗೆಯಿಂದ. ಕ್ಯಾಮೆರಾದಲ್ಲಿ ದಿನಾಂಕ, ತಾಸು ಎಲ್ಲಾ ಬರುತ್ತದೆ. "ಬರಿಯಲ್ ಎಷ್ಟು ಗಂಟೆಗೆ?" ಅಂತ ಇವರನ್ನು ಕೇಳಿದಳು. ಹನ್ನೊಂದಕ್ಕೆ ಅಂದರು. ಯುರೋಪಿನ ಹೊತ್ತಿಗೆ ಒಂಬತ್ತು ತಾಸು ಕೂಡಿಸಿದಳು. ಆಗ ಇವಳು ರೋಮಿಗೆ ಹೋಗುವ ರೈಲಿನಲ್ಲಿ. ಎರಡು ಬೆರಳು ಮೂಗಿಗೆ ಹಾಕಿ, ಕಣ್ಣು ಮೆಳ್ಳಗಣ್ಣು ಮಾಡಿ ಗೆಳತಿಯರನ್ನು ನಗಿಸುತ್ತಿರುವ ಅವಳದೇ ಫೋಟೋ. ಅದನ್ನೇ ನೋಡುತ್ತಾ ಕೂತಳು. ನಾನು ಇಟ್ಟ ಅವಲಕ್ಕಿ ಹಾಗೇ ಇದೆ.

ಈ ಭಾನುವಾರ ಫೋನ್ ಇಲ್ಲ. ಮನೆಯಲ್ಲೇ ಇದ್ದಾಳಲ್ಲ.

ಮೇ ೨೪, ಮಂಗಳವಾರ. ಮಧ್ಯಾಹ್ನ ೪.೩೦

ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಬಂದು ನಿಂತಳು.

"ಮಾಮ್. ವೆನಿಸ್‌ನಿಂದ ಕಾಲ್ ಮಾಡಿದಾಗ. ಶಿ ವಾಸ್ ಅಲೈವ್."

"ಹ್ಞೂ."

"ವಾಸ್ ಶಿ ಅವೇಕ್?"

ಇಲ್ಲ ಅನ್ನಬಹುದಿತ್ತು. ಆ ಹೊತ್ತಿನಲ್ಲಿ ಮನೆಯಲ್ಲಿ ಇದ್ದವರು ಇಬ್ಬರೇ, ಒಬ್ಬರು ಮಣ್ಣಿನಲ್ಲಿದ್ದಾರೆ. ಎಚ್ಚರ ಇರಲಿಲ್ಲ ಅಂದಿದ್ದರೆ ಮಗು ಅತ್ತು ಸಮಾಧಾನ ಆಗುತ್ತಿತ್ತು. ಬಾಯಿಗೆ ಬಂದಿತ್ತು ಕೂಡ. ಕೈ ತುಂಬಾ ಹಿಟ್ಟು. ಯಾಕೋ, ಸುಳ್ಳು ಸಾಕಾಗಿತ್ತು.

"ಎಚ್ಚರ ಇದ್ರು. ನಿನ್ನ ಫೋನ್ ಅಂತ ಗೊತ್ತಿತ್ತು. ಕೈ ಚಾಚಿ ಬೇಡಿದ್ರು. ನಾನ… ನಾನ ಗರಾಜಿಗೆ ಹೋದೆ."

"ವಾಟ್ ಡಿಡ್ ಶಿ ಸೇ?"

"ಮಾತು ಬರ್ತಿದ್ದಿಲ್ಲವ್ವಾ. ತೊದಲು. ನೀ ಕೇಳಿ ಹೆದರತಿ ಅಂತ…"

"ಆಕಿ ಅಂದಂಗ ಅಂದು ತೋರ್ಸು."

ಅಂದೆ. ಬಾಯಿ ಓರೆ ಮಾಡಿ ಅಂದೆ. "ಪೋ… ಕೊ…"

ಕಣ್ಣು ಮುಚ್ಚಿ ಕೇಳಿದಳು. ಇನ್ನೊಮ್ಮೆ ಅನ್ನು ಅಂದಳು. ಇನ್ನೊಮ್ಮೆ ಅಂದೆ.

"ನನಗ ತಿಳೀತಿತ್ತು," ಅಂದಳು. ಕನ್ನಡದಲ್ಲಿ, ಅವರ ಕನ್ನಡದಲ್ಲಿ. "ದಿನಾ ರಾತ್ರಿ ಹಲ್ಲಿನ ಸೆಟ್ ತಗದಿಟ್ಟ ಮ್ಯಾಲ ಅಜ್ಜಿ ಹಂಗ ಮಾತಾಡ್ತಿದ್ಲು. ಹನ್ನೆರಡು ವರ್ಷ ಹಂಗ ಕಥಿ ಹೇಳ್ಯಾಳ. ಯಾರಿಗೂ ತಿಳೀತಿದ್ದಿಲ್ಲ. ನನಗ ಎಲ್ಲಾ ತಿಳೀತಿತ್ತು. ನಾ ಹೆದರತಿದ್ದಿಲ್ಲ, ಮಾಮ್."

ಗೋಡೆಯಾಚೆಯ ಕೋಣೆಯಲ್ಲಿ ಹನ್ನೆರಡು ವರ್ಷ ಮಲಗಿದ್ದವಳು ನಾನು. ನನಗೆ ಇದು ಗೊತ್ತಿರಲಿಲ್ಲ.

ಬೈಯಲಿಲ್ಲ. ಬೈದಿದ್ದರೆ ಕಾಲು ಹಿಡಿಯುತ್ತಿದ್ದೆ. ಮೇಲೆ ಹೋದಳು. ಬಾಗಿಲು ಹಾಕಿಕೊಂಡಳು, ಮೆತ್ತಗೆ. ಅಜ್ಜಿಯ ಕೋಣೆಯದು. ನಾಳೆ ಎಲ್.ಎ.ಗೆ ಹೋಗುತ್ತೇನೆ ಅಂದಿದ್ದಾಳೆ, ಸಾರಾಳ ಮನೆಗೆ. ಬೇಸಿಗೆ ಪೂರ್ತಿ ಅಲ್ಲೇ. ತಡೆಯಲು ನನಗೆ ಯಾವ ಬಾಯಿ ಇದೆ?

ಇವರಿಗೆ ಇನ್ನೂ ಗೊತ್ತಿಲ್ಲ. ತಮ್ಮ ತಾಯಿ ಕೊನೆಯ ಭಾನುವಾರ ಫೋನ್ ಬೇಡಿದ್ದು, ನಾನು ಕೊಡದೆ ಹೋದದ್ದು. ರಕ್ಷಿತಾ ಹೇಳುವ ಮೊದಲು ನಾನೇ ಹೇಳಬೇಕು. ಐದೂವರೆಗೆ ಬರುತ್ತಾರೆ. ಇವತ್ತೇ ಹೇಳುತ್ತೇನೆ, ಮುಚ್ಚುಮರೆ ಇಲ್ಲದೆ, ಎಲ್ಲಾ. ದಿನವಿಡೀ ಮೀಟಿಂಗ್ ಇತ್ತು, ಹಸಿದು ಬಂದಿರುತ್ತಾರೆ. ಮೊದಲು ಎರಡು ತುತ್ತು ಊಟ ಮಾಡಲಿ, ಆಮೇಲೆ…